ಎರಡು ದಶಮಿಗಳ ಪಾಠ

ಪ್ರಾಥಮಿಕ ಶಾಲೆಯ ಮಕ್ಕಳಿಗೆ ನಾನಾ ಧರ್ಮಗಳನ್ನೂ ಅವುಗಳ ಹಬ್ಬಗಳನ್ನೂ ಪರಿಚಯಿಸುವ ಪಾಠಗಳಲ್ಲಿ ಸಾಮಾನ್ಯವಾಗಿ ಕಾಣಬರುವ ಕ್ರಮವೆಂದರೆ, ಪುಟದ ಒಂದು ಮೂಲೆಯಲ್ಲಿ ಉರಿಯುವ ಹಣತೆ, ಇನ್ನೊಂದರಲ್ಲಿ ಬಾಲಚಂದ್ರ, ಮತ್ತೊಂದರಲ್ಲಿ ನಕ್ಷತ್ರ ಕಟ್ಟಿದ ಗಿಡ, ಅವುಗಳ ಅಡಿಯಲ್ಲಿ ಇಂಥವರು ಇಂಥ ಹಬ್ಬವನ್ನು ಆಚರಿಸುತ್ತಾರೆಂಬ ಒಂದೊಂದು ವಾಕ್ಯ. ಇದರಲ್ಲಿ ಅಸತ್ಯವೇನೂ ಇಲ್ಲ. ಆದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಯಿಂದ ಪಾಟಿಚೀಲ ಹೊತ್ತು ಬರುವ ಮಗುವು ಕಣ್ಣಾರೆ ಕಂಡು, ಬಾಯ್ತುಂಬ ಉಂಡು, ಕುಣಿದು ದಣಿದ ಹಬ್ಬಗಳಿಗೂ ಪುಸ್ತಕದ ಈ ಅಚ್ಚುಕಟ್ಟಾದ ವಿಂಗಡಣೆಗೂ ತಾಳೆಯಾಗುವುದಿಲ್ಲ.

ಮೊಹರಮ್ಮನ್ನೇ ತೆಗೆದುಕೊಳ್ಳೋಣ. ಈ ಸೀಮೆಯಲ್ಲಿ ಅದು ಪೀರ್ ದೇವರ ಹಬ್ಬ. ಬೆಂಕಿ ಹಾಕುವ ಅಲಾಯಿ ಕುಣಿಯನ್ನು ತೋಡುವುದರಿಂದ ಮೊದಲ್ಗೊಂಡು ಪೀರ್ ದೇವರ ಲಾಂಛನಗಳಾದ ಪಂಜಾಗಳನ್ನು ಹೊಳೆಗೆ ಕಳುಹಿಸುವವರೆಗೆ ನಡೆಯುವ ಕಾರ್ಯಗಳಲ್ಲಿ ಊರಿನ ನಾನಾ ಜಾತಿಯವರಿಗೆ ಪಾಲುಂಟು; ಮುಸಲ್ಮಾನರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲಿಯೂ ಪಂಜಾಗಳನ್ನು ಕೂರಿಸುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಅಪರೂಪವಲ್ಲ. ಹರಕೆ ಹೊತ್ತ ಹುಡುಗರು ಲಾಡಿಯೆಂಬ ದಾರ ಹಾಕಿಕೊಂಡು ಫಕೀರರಾಗುತ್ತಾರೆ. ಹಸನ್ ಹುಸೇನರ ಕಥೆಯನ್ನು ಹೇಳುವ ರಿವಾಯತ್ ಪದಗಳು ಕನ್ನಡದಲ್ಲಿವೆ. ಒಲೆಯ ಮೇಲೆ ಹಬ್ಬದ ಸಿಹಿಯಾದ ಚೊಂಗೆ ಬೇಯುವ ಮನೆ ಯಾವ ಮತದವರದೆಂದು ವಾಸನೆಯಿಂದ ಹೇಳಲಾಗದು. ಎಳ್ಳಮಾಸಿಯ ದಿನವೂ ಹಾಗೆಯೇ: ಮಾರ್ಗಶಿರದ ಅಮಾವಾಸ್ಯೆಯಂದು ಹೊಲಕ್ಕೆ ಚರಗ ಚೆಲ್ಲಿ, ಹಸಿ ಕಾಳು ಕಾಯಿಪಲ್ಲೆಗಳ ಭಜ್ಜಿಯನ್ನು ಸಜ್ಜಿ ರೊಟ್ಟಿಯೊಡನೆ ಉಣ್ಣುವಾಗ, ಹೊಲವಿಲ್ಲದವರನ್ನೂ ನೆರೆಯವರನ್ನೂ ಕರೆದು ಕೂರಿಸುವುದು ವಾಡಿಕೆ, ಪಂಕ್ತಿಯಲ್ಲಿ ಕುಳಿತವರ ಧರ್ಮವನ್ನು ಯಾರೂ ಎಣಿಸುವುದಿಲ್ಲ.

ಹೀಗಿರುವಲ್ಲಿ ಶಾಲೆಯ ಕೆಲಸವು ಅಪರಿಚಿತವನ್ನು ಪರಿಚಯಿಸುವುದಲ್ಲ, ಪರಿಚಿತವಾದುದಕ್ಕೆ ಕಾರಣವನ್ನೂ ಕ್ರಮವನ್ನೂ ತೋರಿಸಿಕೊಡುವುದು ಎಂಬುದು ನನ್ನ ಅಭಿಪ್ರಾಯ. ಮಗುವಿಗೆ ಹಬ್ಬ ಗೊತ್ತು. ಅದು ಆ ದಿನವೇ ಏಕೆ ಬಂದಿತೆಂಬುದು ಗೊತ್ತಿಲ್ಲ. ನಾಲ್ಕನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸರ್, ನಮ್ಮ ಆಯಿ ಅಂತಾಳ, ನಾ ಹುಟ್ಟಿದಾಗ ದಸರಾ ಮತ್ತ ಪೀರ್ ದೇವರು ಕೂಡಿ ಬಂದಿದ್ವಂತ, ಈಗ್ಯಾಕ ಬ್ಯಾರೆ ಬ್ಯಾರೆ?" ಎಂದು ಕೇಳಿದನೆನ್ನಿ. ಆಯಿಯ ಮಾತು ಸರಿ. 2015, 2016, 2017, ಈ ಮೂರು ವರ್ಷಗಳಲ್ಲಿಯೂ ವಿಜಯದಶಮಿಯೂ ಮೊಹರಮ್ಮಿನ ಹತ್ತನೆಯ ದಿನವೂ ಒಂದೆರಡು ದಿನಗಳ ಅಂತರದಲ್ಲಿ ಬಂದವು. ಬನ್ನಿ ಕೊಟ್ಟು ಬಂಗಾರವೆನ್ನುವ ಸಂಭ್ರಮವೂ ಅಲಾಯಿಯ ಮುಂದಿನ ಹೆಜ್ಜೆಯೂ ಒಂದೇ ವಾರದೊಳಗೆ ಸೇರಿದ್ದುವು.

ಇದಕ್ಕೆ ಉತ್ತರ ಹೇಳಹೊರಟ ಉಪಾಧ್ಯಾಯರಿಗೆ ಧರ್ಮಶಾಸ್ತ್ರವೂ ಬೇಕಿಲ್ಲ, ಉಪದೇಶವೂ ಬೇಕಿಲ್ಲ, ಆಕಾಶವೊಂದಿದ್ದರೆ ಸಾಕು. ಆಶ್ವಯುಜ ಶುಕ್ಲ ದಶಮಿಯೂ ಮೊಹರಂ ತಿಂಗಳ ಹತ್ತನೆಯ ದಿನವೂ, ಎರಡೂ ಎಳೆಯ ಚಂದ್ರನಿಂದ ಮೊದಲುಮಾಡಿ ಎಣಿಸಿದ ಹತ್ತು. ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಸುಮಾರು 354 ದಿನಗಳಾಗುತ್ತವೆ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಮೆ. ಹಿಜರಿ ವರ್ಷವು ಆ ಹನ್ನೊಂದು ದಿನವನ್ನು ಹಾಗೆಯೇ ಬಿಟ್ಟುಕೊಡುತ್ತದೆ, ಆದಕಾರಣ ಮೊಹರಮ್ಮೂ ರಂಜಾನೂ ಸುಮಾರು ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತವೆ. ನಮ್ಮ ಪಂಚಾಂಗವಾದರೋ ಎರಡೂವರೆ ವರ್ಷ ಕಳೆದು ಎರಡು ಮೂರು ತಿಂಗಳಾಗುವಷ್ಟರಲ್ಲಿ ಒಂದು ಅಧಿಕಮಾಸವನ್ನು ಸೇರಿಸಿ, ಹಬ್ಬಗಳನ್ನು ಬೆಳೆ ಮಳೆಗಳ ಕಾಲದಿಂದ ದೂರ ಸರಿಯಗೊಡದೆ ಹಿಡಿದು ನಿಲ್ಲಿಸುತ್ತದೆ. ಆ ಮೂರು ವರ್ಷ ಎರಡು ದಶಮಿಗಳೂ ಜೊತೆಯಾಗಿ ಹಿಂದೆ ಸರಿದುವು. 2018ರಲ್ಲಿ ಅಧಿಕ ಜ್ಯೇಷ್ಠವು ನಡುವೆ ಬಂದಿತು. ಮೊಹರಂ ಸೆಪ್ಟೆಂಬರಿಗೆ ಹೋಯಿತು, ದಸರೆ ಅಕ್ಟೋಬರಿನಲ್ಲಿಯೇ ಉಳಿಯಿತು. ಅನಂತರ 2020ರಲ್ಲೊಂದು, 2023ರಲ್ಲೊಂದು ಅಧಿಕಮಾಸ ಬಂದು, 2025ರಲ್ಲಿ ಮೊಹರಂ ಜುಲೈಯಲ್ಲಿ, ದಸರೆ ಅಕ್ಟೋಬರಿನಲ್ಲಿ ಎಂಬಷ್ಟು ದೂರವಾದುವು. ಸೂರ್ಯನನ್ನೇ ಅನುಸರಿಸುವ ಕ್ರಿಸ್‌ಮಸ್ಸಿಗೂ ಸಂಕ್ರಾಂತಿಗೂ ಈ ಅಲೆದಾಟವಿಲ್ಲ. ಗೋಡೆಯ ಕ್ಯಾಲೆಂಡರೊಂದನ್ನು ಎದುರಿಗಿಟ್ಟುಕೊಂಡು, ಅಮಾವಾಸ್ಯೆ ಕಳೆದ ಮೇಲೆ ದಿನವೂ ಸಂಜೆ ಕಂಡ ಚಂದ್ರನ ಆಕಾರವನ್ನು ಬರೆದು ತರಲು ಹೇಳಿದರೆ, ಒಂದು ತಿಂಗಳೊಳಗೆ ಗಣಿತ, ಪರಿಸರ, ಧರ್ಮಪರಿಚಯ ಮೂರೂ ಒಂದೇ ಹಾಳೆಯ ಮೇಲೆ ಮುಗಿಯುತ್ತವೆ.

ಸರ್ಕಾರಿ ಶಾಲೆಯಲ್ಲಿ ಧರ್ಮದ ಮಾತೆತ್ತಬಹುದೇ ಎಂದು ಶಂಕಿಸುವವರಿದ್ದಾರೆ. ಸಂವಿಧಾನದ 28ನೆಯ ಅನುಚ್ಛೇದವು ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸಿರುವುದು ನಿಜ. ಆದರೆ ಒಂದು ಮತವನ್ನು ನಂಬುವಂತೆ ಬೋಧಿಸುವುದು ಬೇರೆ, ಮತಗಳನ್ನು ಕುರಿತು ತಿಳಿಸುವುದು ಬೇರೆ. 1964ರಿಂದ 66ರವರೆಗೆ ಕಾರ್ಯನಿರ್ವಹಿಸಿದ ಕೊಠಾರಿ ಆಯೋಗವು ಈ ಭೇದವನ್ನು ಸ್ಪಷ್ಟಪಡಿಸಿ, ಪ್ರಮುಖ ಧರ್ಮಗಳ ಪರಿಚಯವು ಪಠ್ಯದಲ್ಲಿರಬೇಕೆಂದೇ ಹೇಳಿತು; 2002ರಲ್ಲಿ ಸುಪ್ರೀಂ ಕೋರ್ಟು, ಅರುಣಾ ರಾಯ್ ಪ್ರಕರಣದಲ್ಲಿ, ಇಂಥ ಅಧ್ಯಯನವು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ತೀರ್ಪಿತ್ತಿತು. ಆದುದರಿಂದ ತರಗತಿಯಲ್ಲಿ ಆರತಿ ಬೆಳಗಿಸುವುದಾಗಲಿ ದುವಾ ಹೇಳಿಸುವುದಾಗಲಿ ಪಾಠವಲ್ಲ. ಅವನ್ನು ಮಾಡುವವರು ಏಕೆ ಮಾಡುತ್ತಾರೆಂದು ಆ ಮನೆಯ ಮಗುವಿನ ಬಾಯಿಂದಲೇ ಕೇಳಿಸುವುದು ಪಾಠ.

ಪಾಠಕ್ಕೆ ಬೇಕಾದ ಸಾಮಗ್ರಿಯಾದರೋ ಹೊಳೆಯ ದಾರಿಯುದ್ದಕ್ಕೂ ಬಿದ್ದಿದೆ. ಆಳಂದದ ಸೀಮೆಯಲ್ಲಿ ಹುಟ್ಟುವ ಅಮರ್ಜೆಯು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಅಲ್ಲಿ ನೆಲಸಿದ್ದ ಶ್ರೀನರಸಿಂಹ ಸರಸ್ವತಿಯವರ ಚರಿತ್ರೆಯನ್ನು ಮರಾಠಿಯಲ್ಲಿ ಬರೆದ ಸರಸ್ವತಿ ಗಂಗಾಧರನು ಆಳಂದ ತಾಲ್ಲೂಕಿನ ಕಡಗಂಚಿಯ ಸಾಯಂದೇವನ ವಂಶದವನು. ಆ ಗುರುಚರಿತ್ರೆಯಲ್ಲಿ ತೊಡೆಯ ವ್ರಣದಿಂದ ನರಳುವ ಬೀದರದ ಮುಸಲ್ಮಾನ ಅರಸನು ಗುರುದರ್ಶನದಿಂದ ಗುಣಹೊಂದುವ ಪ್ರಸಂಗವಿದೆ. ಜೇವರ್ಗಿಯಲ್ಲಿ 17ನೆಯ ಶತಮಾನದ ವಚನಕಾರ ಷಣ್ಮುಖ ಶಿವಯೋಗಿಗಳ ಮಠವುಂಟು. ಭೀಮೆ ಇನ್ನೂ ಕೆಳಗೆ ಹರಿದು ಮುಟ್ಟುವ ಸನ್ನತಿಯಲ್ಲಿ, ಚಂದ್ರಲಾಂಬೆಯ ದೇಗುಲದ ಆವರಣದ ಕಾಳಿಕಾ ಗುಡಿಯಲ್ಲಿ ಮೂರ್ತಿಗೆ ಪೀಠವಾಗಿದ್ದ ಕಲ್ಲೊಂದು 1986ರಲ್ಲಿ ಅಶೋಕನ ಶಾಸನವೆಂದು ಬೆಳಕಿಗೆ ಬಂದಿತು. ಆ ಕಲ್ಲಿನಲ್ಲಿರುವುದರಲ್ಲಿ ಹನ್ನೆರಡನೆಯ ಶಿಲಾಶಾಸನವೂ ಒಂದು: ತನ್ನ ಪಂಥವನ್ನು ಹೊಗಳಿ ಪರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹಾನಿಮಾಡುತ್ತಾನೆಂಬ ಅಭಿಪ್ರಾಯ ಅದರಲ್ಲಿದೆ. ಮಕ್ಕಳ ಪ್ರವಾಸವೆಂದರೆ ದೂರದ ಅರಮನೆಗಳನ್ನೇ ನೆನೆಯುವ ನಮ್ಮ ಶಾಲೆಗಳು ಒಂದು ದಿನದ ಬಸ್ಸಿನ ದಾರಿಯ ಈ ಕಲ್ಲನ್ನು ಮರೆತಿರುವುದು ವಿಚಿತ್ರವೇ ಸರಿ.

ಎಲ್ಲವೂ ಸೌಹಾರ್ದವೆಂದು ಮಕ್ಕಳಿಗೆ ಸಕ್ಕರೆ ಸವರಿ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಆಳಂದದ ಲಾಡ್ಲೆ ಮಶಾಕ್ ದರ್ಗಾದ ಆವರಣದಲ್ಲಿ ರಾಘವ ಚೈತನ್ಯರ ಹೆಸರಿನ ಶಿವಲಿಂಗವಿದ್ದು, ಅಲ್ಲಿಯ ಪೂಜೆಯ ವಿಷಯವಾಗಿ 2022ರ ಶಿವರಾತ್ರಿಯಂದು ಗಲಭೆಯಾಗಿ, ಅಲ್ಲಿಂದೀಚೆಗೆ ಸಂಗತಿಯು ನ್ಯಾಯಾಲಯದ ಮೆಟ್ಟಿಲೇರಿ, ಶಿವರಾತ್ರಿಯ ದಿನ ಪೊಲೀಸರ ಬಂದೋಬಸ್ತಿನಲ್ಲಿ ಪೂಜೆ ನಡೆದಿದೆ. ಅಂದು ಓಣಿಯಲ್ಲಿ ಪೊಲೀಸರು ಏಕೆ ನಿಂತಿದ್ದರೆಂದು ಮಗು ಕೇಳಿಯೇ ಕೇಳುತ್ತದೆ. ಸುಮ್ಮನಿರೆಂದು ಗದರಿಸಿದರೆ ಉತ್ತರವನ್ನು ಮೊಬೈಲಿನಿಂದಲೋ ಕಟ್ಟೆಯ ಮೇಲಿನ ಮಾತಿನಿಂದಲೋ ಪಡೆದುಕೊಂಡೀತು. ಒಂದೇ ಸ್ಥಳವನ್ನು ಇಬ್ಬರೂ ಪವಿತ್ರವೆಂದು ಭಾವಿಸಿದ್ದಾರೆ, ಯಾರು ಯಾವಾಗ ಏನು ಮಾಡಬಹುದೆಂಬ ವಿಷಯದಲ್ಲಿ ಒಮ್ಮತವಿಲ್ಲ, ಅದನ್ನು ನ್ಯಾಯಾಧೀಶರು ವಿಚಾರಿಸುತ್ತಿದ್ದಾರೆ: ಎಂಟು ವರ್ಷದ ಮಗುವಿಗೆ ಇಷ್ಟನ್ನು ನೆಟ್ಟಗೆ ಹೇಳಬಹುದು, ಯಾರ ಪಕ್ಷವನ್ನೂ ವಹಿಸದೆ ಹೇಳಬಹುದು. ಮತಗಳ ಜಗಳ ಮೊದಲಿನಿಂದಲೂ ಇತ್ತೇ ಎಂದು ಅದು ಮತ್ತೂ ಕೇಳಿದರೆ, ಇದೇ ಆಳಂದದಲ್ಲಿ ಹುಟ್ಟಿ, ಅಬ್ಬಲೂರಿನಲ್ಲಿ ಜೈನರೊಡನೆ ಸ್ಪರ್ಧೆಗೆ ನಿಂತ 12ನೆಯ ಶತಮಾನದ ಶಿವಭಕ್ತ ಏಕಾಂತದ ರಾಮಯ್ಯನ ಕಥೆಯಿದೆ. ಅದನ್ನು ಪ್ರಾಥಮಿಕದಲ್ಲಿ ಅವಸರಪಡಿಸದೆ, ಶಾಸನವೆಂದರೇನು, ಪುರಾಣವೆಂದರೇನು ಎಂಬುದು ತಿಳಿಯುವ ಪ್ರೌಢಶಾಲೆಯ ಇತಿಹಾಸದ ಉಪಾಧ್ಯಾಯರಿಗೆ ಬಿಡುವುದು ಲೇಸು.