ಯಂತ್ರಕ್ಕೂ ಬೇಕು ಸ್ನೇಹ

ಸಂಸ್ಕೃತದಲ್ಲಿ ‘ಸ್ನೇಹ’ ಶಬ್ದಕ್ಕೆ ಪ್ರೀತಿಯೆಂದೂ ಎಣ್ಣೆಯೆಂದೂ ಅರ್ಥವುಂಟು. ತಿರುಗುವ ಚಕ್ರಕ್ಕೆ ಎಣ್ಣೆ ಬೇಕೆಂಬುದನ್ನು ಕುಂಬಾರರ ಹೆಸರನ್ನೇ ಹೊತ್ತ ನಮ್ಮ ಕುಂಬಾರಕೊಪ್ಪಲಿನವರಿಗೆ ಬೋಧಿಸಬೇಕಾದುದಿಲ್ಲ. ಆದರೆ ಬೆಲೆಬಾಳುವ ಕಾರನ್ನು ಕೊಂಡ ಮೇಲೆ ಅದರ ಎಣ್ಣೆಯ ಪ್ರಮಾಣವನ್ನು ವಿಚಾರಿಸುವ ಗೃಹಸ್ಥರು ವಿರಳ.

ಮೈಸೂರು-ಬೆಂಗಳೂರು ದಾರಿಯ ಬಿಡದಿಯಲ್ಲಿ 2013ರಿಂದ ಜೋಡಣೆಯಾದ ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ಕಾರನ್ನೇ ನೋಡೋಣ. ಅದರ ಇಂಜಿನ್ನು 2.5 ಲೀಟರಿನದು, ಇದು ಸಿಲಿಂಡರುಗಳ ಅಳತೆಯೇ ಹೊರತು ಎಣ್ಣೆಯದಲ್ಲ. ಎಣ್ಣೆಯು ಫಿಲ್ಟರನ್ನೂ ಬದಲಾಯಿಸಿದಾಗ ಸುಮಾರು 4.4 ಲೀಟರು, ಇಲ್ಲವಾದರೆ ಸುಮಾರು 4 ಲೀಟರು ಹಿಡಿಯುವುದು. ಕಡಮೆಯಾದರೆ ಲೋಹವು ಲೋಹವನ್ನುಜ್ಜಿ ಸವೆಯುವುದು. ಮಿತಿಮೀರಿದರೆ ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆಯೆಬ್ಬಿಸುವುದು. ನೊರೆಯು ಯಂತ್ರವನ್ನು ರಕ್ಷಿಸಲಾರದು.

ಕಾರು ಓಡಿದ್ದೇ ಸ್ವಲ್ಪ, ಎಣ್ಣೆ ಕೆಡದೆಂದು ಕೆಲವರು ಭಾವಿಸುವರು. ಹತ್ತಿರದ ಓಡಾಟದಲ್ಲಿ ಇಂಜಿನ್ನು ಚೆನ್ನಾಗಿ ಕಾಯುವುದಿಲ್ಲ; ನೀರಿನ ಪಸೆಯೂ ಪೆಟ್ರೋಲಿನ ಅಂಶವೂ ಎಣ್ಣೆಯಲ್ಲಿಯೇ ಉಳಿಯುವುವು. ಆದುದರಿಂದಲೇ 10,000 ಕಿಲೋಮೀಟರು ಅಥವಾ ಒಂದು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಆಗ ಎಣ್ಣೆ ಬದಲಾಯಿಸುವುದು ವಾಡಿಕೆ. ತಮ್ಮ ಕಾರಿನ ಲೆಕ್ಕವನ್ನು ಅದರೊಡನೆ ಬಂದ ಕೈಪಿಡಿಯಲ್ಲಿ ನೋಡತಕ್ಕುದು.

ತಿಂಗಳಿಗೊಮ್ಮೆ ಸಮತಟ್ಟಾದ ನೆಲದಲ್ಲಿ ಕಾರನ್ನು ನಿಲ್ಲಿಸಿ, ಇಂಜಿನ್ನನ್ನು ಆರಿಸಿ ಐದು ನಿಮಿಷ ಕಾಯಿರಿ. ಅಳತೆಯ ಕಡ್ಡಿಯನ್ನು ಒರಸಿ, ಮರಳಿ ಅದ್ದಿ ತೆಗೆಯಿರಿ. ಎಣ್ಣೆಯು ಎರಡು ಗುರುತುಗಳ ನಡುವೆ ಇದ್ದರೆ ಕ್ಷೇಮ. ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯದೆ ಗ್ಯಾರೇಜಿನವರಿಗೇ ಒಪ್ಪಿಸಿರಿ.

ನಾಲ್ಕೈದು ಲೀಟರು ಎಣ್ಣೆಗೆ ಕೈ ಹಿಡಿದವನು ಇಂಜಿನ್ನಿಗೇ ಹಣ ತೆರಬೇಕಾದೀತು. ಸ್ನೇಹವಾದರೂ ಹಿತಮಿತವಾಗಿ, ಕಾಲಕಾಲಕ್ಕೆ ಸಲ್ಲಬೇಕೆಂಬುದೇ ನಮ್ಮ ಅಭಿಪ್ರಾಯ.