ಮುಳಬಾಗಿಲಿನ ಗುಂಡಪ್ಪನವರ ಮನೆ ಲೆಕ್ಕ

ಮುಳಬಾಗಿಲು ಅಂದರೆ ಬೆಂಗಳೂರಿನವರಿಗೆ ಈಗ ನೆನಪಾಗುವುದು ದೋಸೆ. ತಿರುಪತಿಗೆ ಹೊರಟವರು ಹೆದ್ದಾರಿ ಬಿಟ್ಟು ಊರೊಳಗೆ ಬಂದು, ತುಪ್ಪದ ದೋಸೆ ತಿಂದು, ಆಂಜನೇಯನಿಗೆ ಕೈಮುಗಿದು, ನಂಗಲಿ ದಾಟಿ ಆಂಧ್ರಕ್ಕೆ ಇಳಿಯುತ್ತಾರೆ. ಬಿಡುವಿದ್ದವರು ಕುರುಡುಮಲೆ ಗಣಪನನ್ನೂ ನೋಡಿಕೊಂಡು ಬರುತ್ತಾರೆ. ಡಿವಿಜಿ ಹುಟ್ಟಿದ್ದು ಇಲ್ಲೇ ಎಂದು ಹೇಳಿದರೆ "ಹೌದಾ, ಕಗ್ಗ ಬರೆದವರಾ?" ಎನ್ನುತ್ತಾರೆ.

ಅವರೇ. ಆದರೆ 1943ರಲ್ಲಿ 'ಮಂಕುತಿಮ್ಮನ ಕಗ್ಗ' ಹೊರಬಂದಾಗ ಗುಂಡಪ್ಪನವರಿಗೆ ಐವತ್ತಾರು ವರ್ಷ. ಅದಕ್ಕೆ ಮೊದಲೇ ಮೂರು ದಶಕಕ್ಕೂ ಹೆಚ್ಚು ಕಾಲ ಅವರು ಪತ್ರಿಕೆ ನಡೆಸಿ, ದಿವಾನರ ಜೊತೆ ವಾದಿಸಿ, ಸಭೆಗಳಲ್ಲಿ ಕೂತು, ಮಧ್ಯೆ ಹೆಂಡತಿಯನ್ನು ಕಳೆದುಕೊಂಡು ಮಕ್ಕಳನ್ನು ಬೆಳೆಸಿದ್ದರು. ಕಗ್ಗದ ಪದ್ಯಗಳು ಈಗ ಮದುವೆ ಕರೆಯೋಲೆಯ ಮೇಲೂ ಬರುತ್ತವೆ. ಪದ್ಯದ ಹಿಂದಿದ್ದ ಆ ಸಂಸಾರ, ಆ ಓಡಾಟ ಮಾತ್ರ ಮರೆತುಹೋಗಿದೆ. ನನಗೆ ಆಸಕ್ತಿ ಇರುವುದು ಅದರಲ್ಲಿ.

ನಾನು ಸಾಹಿತ್ಯದವಳಲ್ಲ. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯವಳು. ಕಂದಾಯ ಇಲಾಖೆಗೆ ಗುಮಾಸ್ತೆಯಾಗಿ ಸೇರಿ, ಮಾಲೂರು, ಮುಳಬಾಗಿಲು, ಕೋಲಾರ ಎಂದು ವರ್ಗವಾಗುತ್ತ ಶಿರಸ್ತೇದಾರಳಾಗಿ ನಿವೃತ್ತಳಾದೆ. ಕಚೇರಿಯಲ್ಲಿ ಕಲಿತದ್ದು ಒಂದೇ ವಿದ್ಯೆ: ಜಮಾ ಎಷ್ಟು, ಖರ್ಚು ಎಷ್ಟು, ಬಾಕಿ ಯಾರ ಹೆಸರಿನಲ್ಲಿ ನಿಂತಿದೆ ಎಂದು ನೋಡುವುದು. ದೊಡ್ಡವರ ಜೀವನವನ್ನು ಓದುವಾಗಲೂ ಆ ಚಾಳಿ ಬಿಡುವುದಿಲ್ಲ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಹುಟ್ಟಿದ್ದು 1887ರ ಮಾರ್ಚ್ 17ರಂದು. ಮುಳಬಾಗಿಲಿನಲ್ಲಿ ಓದಿ, ಮೈಸೂರಿನಲ್ಲೂ ಕೋಲಾರದಲ್ಲೂ ಹೈಸ್ಕೂಲು ಮಾಡಿ, ಮೆಟ್ರಿಕ್ ದಾಟಲಿಲ್ಲ. ಊರಿನ ಶಾಲೆಯಲ್ಲಿ ಸ್ವಲ್ಪ ಕಾಲ ಬದಲಿ ಮೇಷ್ಟರ ಕೆಲಸ, ಆಮೇಲೆ ಸೋಡಾ ಕಾರ್ಖಾನೆ, ಬೆಂಗಳೂರಿಗೆ ಬಂದ ಹೊಸತರಲ್ಲಿ ಜಟಕಾ ಗಾಡಿಗೆ ಬಣ್ಣ ಬಳಿಯುವ ಕೆಲಸ. ಈ ಕಥೆಯನ್ನು ನಮ್ಮ ಕಡೆ ಮಕ್ಕಳಿಗೆ "ಫೇಲಾದರೂ ಪರವಾಗಿಲ್ಲ" ಎಂಬ ಧಾಟಿಯಲ್ಲಿ ಹೇಳುತ್ತಾರೆ. ನನಗೆ ಬೇರೆಯೇ ಕಾಣುತ್ತದೆ. ಸಂಬಳ ತರುವ ಕೆಲಸವೊಂದಕ್ಕೆ ಆತುಕೊಳ್ಳಬೇಕಾದ ಮನೆ ಅದು. ಹುಡುಗ ಹೋಗಿ ಸಿಕ್ಕಿಹಾಕಿಕೊಂಡದ್ದು ಪತ್ರಿಕೆಗೆ. ಆ ಕಾಲದ ಕನ್ನಡ ಪತ್ರಿಕೆ ಎಂದರೆ ಸಂಪಾದಕನೇ ಬರೆದು, ಕರಡು ತಿದ್ದಿ, ಚಂದಾ ವಸೂಲಿಗೂ ತಿರುಗುವ ವ್ಯವಹಾರ. 'ಸೂರ್ಯೋದಯ ಪ್ರಕಾಶಿಕೆ'ಯಲ್ಲಿ ಶುರುವಾದ ಬರವಣಿಗೆ ಹಲವು ಪತ್ರಿಕೆಗಳನ್ನು ಹಾದುಬಂತು. 1908ರಲ್ಲಿ ದಿವಾನ್ ಮಾಧವರಾಯರ ಕಾಲದಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದಾಗ ಎಷ್ಟೋ ಪತ್ರಿಕೆಗಳು ನಿಂತೇ ಹೋದವು. ಗುಂಡಪ್ಪನವರು ಸ್ವಲ್ಪ ಕಾಲ ಮದರಾಸಿಗೆ ಹೋಗಿ ಬಂದರು, ಬರೆಯುವುದನ್ನು ಬಿಡಲಿಲ್ಲ. 1913ರಲ್ಲಿ 'ಕರ್ನಾಟಕ' ಎಂಬ ಹೆಸರಿನ ಇಂಗ್ಲಿಷ್ ಪತ್ರಿಕೆ ಆರಂಭಿಸಿದರು, ವಾರಕ್ಕೆ ಎರಡು ಸಂಚಿಕೆ. ಮೆಟ್ರಿಕ್ ದಾಟದವರ ಇಂಗ್ಲಿಷನ್ನು ದಿವಾನರ ಕಚೇರಿಯಲ್ಲಿ ಗಮನವಿಟ್ಟು ಓದುತ್ತಿದ್ದರು.

ಏನು ಬರೆಯುತ್ತಿದ್ದರು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ನಮ್ಮದು ಮಹಾರಾಜರ ಸಂಸ್ಥಾನ. 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು, 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು. ತಾಲ್ಲೂಕುಗಳಿಂದ ಹೋದವರು ಕೆರೆ, ರಸ್ತೆ, ಕಂದಾಯದ ಅಹವಾಲು ಹೇಳಬಹುದಿತ್ತು. ತೀರ್ಮಾನ ದಿವಾನರದು. ದಿವಾನರನ್ನು ನೇಮಿಸುವವರು ಮಹಾರಾಜರು, ಅವರ ಮೇಲೆ ಬ್ರಿಟಿಷರು. ಸರ್ಕಾರ ಜನರಿಗೆ ಉತ್ತರ ಕೊಡಬೇಕು, ಸಂಸ್ಥಾನದ ಪ್ರಜೆಗಳನ್ನು ಮರೆತು ಭಾರತಕ್ಕೆ ರಾಜ್ಯಾಂಗ ಬರೆಯಬಾರದು ಎಂದು ಗುಂಡಪ್ಪನವರು ಪತ್ರಿಕೆಯಲ್ಲೂ, ಪುಸ್ತಕಗಳಲ್ಲೂ, ಮುಂದೆ ತಾವೇ ಸದಸ್ಯರಾದ ಆ ನ್ಯಾಯವಿಧಾಯಕ ಸಭೆಯಲ್ಲೂ ವರ್ಷಗಟ್ಟಲೆ ಹೇಳಿದರು. ಕೂಗಾಡುವ ಜಾತಿಯವರಲ್ಲ. ಮಹಾರಾಜರ ಮೇಲೆ ಗೌರವ ಇಟ್ಟುಕೊಂಡೇ ಅಧಿಕಾರ ಇಳಿಯಬೇಕು ಎನ್ನುವವರು. ಬೀದಿಗಿಳಿದು ಜೈಲಿಗೆ ಹೋದವರಿಗೆ ಇದು ಸಪ್ಪೆ ಎನಿಸಿದ್ದರೆ ಆಶ್ಚರ್ಯವಿಲ್ಲ. ನನಗೂ ಕೆಲವು ಕಡೆ ಹಾಗೆ ಅನಿಸುತ್ತದೆ.

ಇನ್ನು ಮನೆಗೆ ಬರೋಣ.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಿಂದಲೂ ಸರ್ಕಾರದ ಕಡೆಯಿಂದ ಬರಬೇಕಿದ್ದ ಹಣವನ್ನು ಗುಂಡಪ್ಪನವರು ಮುಟ್ಟುತ್ತಿರಲಿಲ್ಲ, ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ನಗದಾಗಿಸದ ಚೆಕ್ಕುಗಳು ಸಿಕ್ಕವು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಭಾಷಣಗಳಲ್ಲಿ ಇದನ್ನು ಹೇಳಿದಾಗ ಚಪ್ಪಾಳೆ ಬೀಳುತ್ತದೆ. ನಾನೂ ತಟ್ಟಿದ್ದೇನೆ. ಆದರೆ ಅವರ ಬದುಕಿನ ಬಗ್ಗೆ ಬರೆಯುವವರೆಲ್ಲ ಹೇಳುವ ಇನ್ನೊಂದು ಪ್ರಸಂಗವಿದೆ. ಅದನ್ನು ಚೆಕ್ಕಿನ ಪಕ್ಕದಲ್ಲೇ ಇಟ್ಟು ನೋಡಬೇಕು.

ನೆಂಟರ ಮನೆಯಲ್ಲಿ ಒಂದು ಶುಭಕಾರ್ಯ. ಹೆಂಡತಿ ಭಾಗೀರಥಮ್ಮ ಮಕ್ಕಳನ್ನು ಕಳಿಸಿ ತಾವು ಮನೆಯಲ್ಲೇ ಉಳಿದಿದ್ದರು. ಯಾಕೆ ಹೋಗಲಿಲ್ಲ ಎಂದು ಗಂಡ ಕೇಳಿದರು. ಆಕೆ ಮೊದಲು ಏನೋ ಹೇಳಿ ಜಾರಿಕೊಂಡರು. ಬಿಡದೆ ಕೇಳಿದಾಗ ನಿಜ ಹೊರಬಂತು: ಉಟ್ಟು ಹೋಗಲು ಹರಿಯದ ಸೀರೆ ಇರಲಿಲ್ಲ. ಹರಿದದ್ದನ್ನು ಉಟ್ಟು ನಾಲ್ಕು ಜನರ ಮಧ್ಯೆ ಕೂತರೆ ಹೋಗುವುದು ಗಂಡನ ಮರ್ಯಾದೆ, ಅದನ್ನು ಕಾಯುವುದು ತನ್ನ ಕೆಲಸ ಎಂಬುದು ಆಕೆಯ ಲೆಕ್ಕ.

ಗಂಡ ಚೆಕ್ಕು ಮುಟ್ಟಲಿಲ್ಲ, ಹೆಂಡತಿ ನೆಂಟರ ಮನೆಗೆ ಹೋಗಲಿಲ್ಲ. ಎರಡೂ ಒಂದೇ ಖಾತೆಯ ಎರಡು ಬದಿ. ಸಾರ್ವಜನಿಕರ ಹಣ ಮುಟ್ಟದ ಮನುಷ್ಯನ ಶುದ್ಧತೆಗೆ ಒಂದು ವೆಚ್ಚವಿದೆ, ಅದನ್ನು ಭರಿಸುವವರು ಮನೆಯೊಳಗೆ ಇರುತ್ತಾರೆ. ಗುಂಡಪ್ಪನವರ ದೊಡ್ಡತನ ನನಗೆ ಕಾಣುವುದು ಇಲ್ಲಿ: ಈ ಪ್ರಸಂಗ ಮುಚ್ಚಿಹೋಗಲು ಅವರು ಬಿಡಲಿಲ್ಲ. ಗಂಡ ಹೆಂಡತಿಯ ನಡುವೆ ನಡೆದ ಮಾತು ಹೊರಗೆ ಬರಬೇಕಾದರೆ ಅವರೇ ಹೇಳಿರಬೇಕಲ್ಲ.

ಭಾಗೀರಥಮ್ಮ ಬಹಳ ದಿನ ಬದುಕಲಿಲ್ಲ. ಗುಂಡಪ್ಪನವರಿಗೆ ನಲವತ್ತಾಗುವ ಮೊದಲೇ ಹೋಗಿಬಿಟ್ಟರು. ಆ ಕಾಲದಲ್ಲಿ ಆ ವಯಸ್ಸಿನ ಗಂಡಸಿಗೆ ಎರಡನೇ ಮದುವೆ ಎಂಬುದು ಯಾರೂ ಆಕ್ಷೇಪಿಸುವ ವಿಷಯವೇ ಅಲ್ಲ. ಅವರು ಮಾಡಿಕೊಳ್ಳಲಿಲ್ಲ. ಮಗ ಬಿ.ಜಿ.ಎಲ್. ಸ್ವಾಮಿ ದೊಡ್ಡ ಸಸ್ಯವಿಜ್ಞಾನಿಯಾದರು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಿನ್ಸಿಪಾಲರಾದರು, ಗಿಡಮರಗಳ ಬಗ್ಗೆ ಓದುಗರನ್ನು ನಗಿಸುತ್ತ ಬರೆದರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅಪ್ಪನಿಗೆ 1967ರಲ್ಲಿ ಗೀತೆಯ ಮೇಲಿನ ಪುಸ್ತಕಕ್ಕೆ, ಮಗನಿಗೆ 1978ರಲ್ಲಿ 'ಹಸುರು ಹೊನ್ನು'ವಿಗೆ. ತಾಯಿಯಿಲ್ಲದ ಮನೆ ಹೀಗೆ ನಿಂತಿತೆಂದರೆ ಒಳಗೆ ಇನ್ನೂ ಎಷ್ಟು ಕೈಗಳು ದುಡಿದಿರಬೇಕು!

ನನ್ನ ತಾತ ನೀರಗಂಟಿ. ಈ ಮಾತನ್ನು ಇಲ್ಲಿ ಯಾಕೆ ತಂದೆನೆಂದರೆ, ಸಾರ್ವಜನಿಕ ಕೆಲಸ ಅಂದಾಗ ನನ್ನ ಕಣ್ಣಿಗೆ ಮೊದಲು ಬರುವುದು ಅವನು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಎಂದು ಹೆಸರು ದೊಡ್ಡದು, ಬೇಸಿಗೆಯಲ್ಲಿ ಬರಿ ಮರಳು. ಅದಕ್ಕೇ ಹಿಂದಿನವರು ಕೆರೆಗಳ ಸಾಲು ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಯಾವ ಹೊತ್ತಿಗೆ ನೀರು ತಿರುಗಿಸಬೇಕು, ಮಳೆ ಜೋರಾದ ರಾತ್ರಿ ಏರಿ ಎಲ್ಲಿ ಜಿನುಗುತ್ತಿದೆ, ಇದೆಲ್ಲ ನೀರಗಂಟಿಯ ಜವಾಬ್ದಾರಿ. ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನ ತುದಿಯವರಿಗೆ ಮೊದಲು ಬಿಡಬೇಕು ಎಂಬುದು ನಮ್ಮೂರ ಕಟ್ಟಳೆ. ತೂಬಿನ ಹತ್ತಿರವೇ ಗದ್ದೆಯಿದ್ದ ದೊಡ್ಡ ಕುಳಗಳು ಬಂದು ಗದರಿದರೂ ತಾತ ಸನಿಕೆ ಕೆಳಗಿಡುತ್ತಿರಲಿಲ್ಲವಂತೆ. ಕೂಲಿ ಅಂದರೆ ಸುಗ್ಗಿಯಲ್ಲಿ ಕಣದ ಮೇಲೆ ಅಳೆದುಕೊಡುವ ಆಯ. ರಾತ್ರಿ ಏರಿಯ ಮೇಲೆ ಕಾವಲಿದ್ದವನಿಗೆ ಮುದ್ದೆ ಹೊತ್ತು ಹೋಗುತ್ತಿದ್ದವಳು ನಮ್ಮವ್ವ, ಅಂದರೆ ಅವನ ಹೆಂಡತಿ. ಅವಳಿಗೆ ಆಯ ಅಳೆದವರು ಯಾರೂ ಇಲ್ಲ. 1961ರ ಕಾಯ್ದೆ ಬಂದು ವಂಶಪಾರಂಪರ್ಯದ ಗ್ರಾಮ ಹುದ್ದೆಗಳೆಲ್ಲ ರದ್ದಾದವು. ಆಗಬೇಕಾದದ್ದೇ. ಹುಟ್ಟಿನಿಂದ ಅಂಟಿಕೊಂಡ ಚಾಕರಿಯನ್ನು ಸೇವೆ ಎಂದು ಹೊಗಳುವುದು ನನ್ನಿಂದಾಗದು. ಆದರೂ ತೂಬಿನ ಮೇಲೆ ಅವನಿಗಿದ್ದ ನ್ಯಾಯ ನಿಜವಾದದ್ದೇ.

ಗುಂಡಪ್ಪನವರ ಜೊತೆ ನೀರಗಂಟಿಯನ್ನು ಕೂರಿಸಿದ್ದಕ್ಕೆ ಕೆಲವರಿಗೆ ಬೇಸರವಾಗಬಹುದು. 'ಜ್ಞಾಪಕ ಚಿತ್ರಶಾಲೆ' ಓದಿದವರಿಗೆ ಆಗುವುದಿಲ್ಲ. ಎಂಟು ಸಂಪುಟಗಳ ಆ ನೆನಪುಗಳಲ್ಲಿ ಮೈಸೂರಿನ ದಿವಾನರಿಗೆ ಒಂದು ಸಂಪುಟವಿದ್ದರೆ, ಹೃದಯಸಂಪನ್ನರು ಎಂದು ಅವರು ಕರೆದವರಿಗೂ ಒಂದು ಸಂಪುಟವಿದೆ. ಮುಳಬಾಗಿಲಿನ ಹಳೆಯ ಜನ ಅಲ್ಲಿ ಓಡಾಡುತ್ತಾರೆ. ನಮ್ಮ ಕೇರಿ ಆ ಪುಟಗಳಲ್ಲಿ ಅಷ್ಟಾಗಿ ಇಲ್ಲ ಎಂಬುದೂ ನಿಜ. ಅವರು ಕಂಡದ್ದು ಅವರ ಬೀದಿಯಿಂದ.

ಮಾಲೂರಿನಲ್ಲಿದ್ದಾಗ ನನಗೆ ಇನ್ನೊಬ್ಬ ಹಿರಿಯರ ಪರಿಚಯವಾಯಿತು, ಕಾಗದದ ಮೇಲೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಅದೇ ತಾಲ್ಲೂಕಿನವರು, ಗುಂಡಪ್ಪನವರಿಗಿಂತ ನಾಲ್ಕು ವರ್ಷ ಚಿಕ್ಕವರು. ಮನೆಮಾತು ತಮಿಳು, ಬರೆದದ್ದು ಕನ್ನಡ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಇದೇನೂ ವಿಶೇಷವಲ್ಲ, ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು. ಮಾಸ್ತಿ ಎಂ.ಎ. ಮಾಡಿ 1914ರಲ್ಲಿ ಮೈಸೂರು ಸಿವಿಲ್ ಸರ್ವೀಸಿಗೆ ಸೇರಿದರು. ಜಿಲ್ಲೆಯಿಂದ ಜಿಲ್ಲೆಗೆ ವರ್ಗ, ಮನೆ ತುಂಬ ಹೆಣ್ಣುಮಕ್ಕಳು, ರಾತ್ರಿ ಕತೆ. ಕೊನೆಗೆ ಎಕ್ಸೈಸ್ ಕಮಿಷನರ್ ಆಗಿದ್ದರು. ತಮಗಿಂತ ಕಿರಿಯರಿಗೆ ಮೇಲಿನ ಹುದ್ದೆ ಕೊಟ್ಟಾಗ ಜಗಳವಾಡದೆ 1943ರಲ್ಲಿ ರಾಜೀನಾಮೆ ಕೊಟ್ಟು ಮನೆಗೆ ಬಂದರು. ಮರುವರ್ಷ 'ಜೀವನ' ಪತ್ರಿಕೆಯ ಹೊಣೆ ಹೊತ್ತರು. ಬಡ್ತಿ ತಪ್ಪಿದ ಅಧಿಕಾರಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಆ ಕಹಿಯನ್ನು ಕಚೇರಿಯಲ್ಲೇ ಬಿಟ್ಟುಬರುವುದು ಸುಲಭವಲ್ಲ. ಮಾಸ್ತಿ ಬಿಟ್ಟುಬಂದರು ಎನ್ನುವುದಕ್ಕೆ ಆಮೇಲೆ ಬರೆದ 'ಚಿಕವೀರ ರಾಜೇಂದ್ರ'ವೇ ಸಾಕ್ಷಿ. ಅಧಿಕಾರ ಹೇಗೆ ಕೆಡುತ್ತದೆ ಎಂಬುದನ್ನು ಯಾರ ಮೇಲೂ ವಿಷ ಕಾರದೆ ಬರೆದ ಕಾದಂಬರಿ ಅದು. 1983ರ ಜ್ಞಾನಪೀಠ ಅದಕ್ಕೇ ಬಂತು. 1986ರ ಜೂನ್ 6ರಂದು, ತೊಂಬತ್ತೈದು ತುಂಬಿದ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ಮಾಸ್ತಿ ಗ್ರಾಮದಲ್ಲಿ ಅವರಿದ್ದ ಮನೆ ಈಗ ಗ್ರಂಥಾಲಯ.

ಒಬ್ಬರು ಸರ್ಕಾರದ ಸಂಬಳದಲ್ಲಿ ಬದುಕಿದವರು, ಇನ್ನೊಬ್ಬರು ಸರ್ಕಾರದ ಕಾಸನ್ನೇ ಒಲ್ಲೆ ಎಂದವರು. ಇಬ್ಬರಲ್ಲಿ ಯಾರು ಹೆಚ್ಚು ಎಂದು ನನ್ನನ್ನು ಕೇಳಬೇಡಿ. ತಿಂಗಳ ಒಂದನೇ ತಾರೀಖಿಗೆ ಸಂಬಳ ಎಣಿಸಿ ಸಂಸಾರ ತೂಗಿದವಳಾದ್ದರಿಂದ ನನ್ನ ಮನಸ್ಸು ಮಾಸ್ತಿಯವರ ಕಡೆ ವಾಲುತ್ತದೆ. ಸಂಬಳವಿದ್ದೂ ಕೈ ಶುದ್ಧವಿಟ್ಟುಕೊಳ್ಳುವುದು ಸಾಮಾನ್ಯರಿಗೆ ಸಾಧ್ಯವಾಗುವ ದಾರಿ.

ಗುಂಡಪ್ಪನವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ 1945ರಲ್ಲಿ ಬಸವನಗುಡಿಯ ಸೀಮೆಯಲ್ಲಿ ಶುರುವಾಯಿತು. ಸಾರ್ವಜನಿಕ ಜೀವನಕ್ಕೆ ಆಧ್ಯಾತ್ಮದ ಶುದ್ಧಿ ಬೇಕು ಎಂಬ ಗೋಖಲೆಯವರ ಮಾತೇ ಅದರ ಗುರಿ. ಕೇಳಲು ಭಾರವಾದ ಮಾತು. ಅಲ್ಲಿ ನಡೆದದ್ದು ಸರಳವಾದ ಕೆಲಸ: ಪುಸ್ತಕ ಇಡುವುದು, ಓದುವವರನ್ನು ಕೂಡಿಸುವುದು, ಬಜೆಟ್ಟು, ಕಾನೂನು, ಗೀತೆ, ಕಾವ್ಯ ಏನಿದ್ದರೂ ಅದರ ಬಗ್ಗೆ ತಿಳಿದವರಿಂದ ಮಾತಾಡಿಸುವುದು. ವೋಟು ಹಾಕುವವನಿಗೆ ತಾನು ಯಾವುದಕ್ಕೆ ವೋಟು ಹಾಕುತ್ತಿದ್ದೇನೆ ಎಂದು ಗೊತ್ತಿರಬೇಕೆಂಬ ಹಟ. 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ನಾಡಿನ ಜನ ಸನ್ಮಾನಿಸಿ, ಆ ಕಾಲಕ್ಕೆ ಬಹಳ ದೊಡ್ಡದಾದ ನಿಧಿಯನ್ನು ಅರ್ಪಿಸಿದರು. ಗುಂಡಪ್ಪನವರು ಅಷ್ಟನ್ನೂ ಸಂಸ್ಥೆಗೆ ಕೊಟ್ಟುಬಿಟ್ಟರು. 1974ರಲ್ಲಿ ಪದ್ಮಭೂಷಣ ಬಂತು. 1975ರ ಅಕ್ಟೋಬರ್ 7ರಂದು ತೀರಿಕೊಂಡರು.

ನಿವೃತ್ತಿಯಾದ ಮೇಲೆ ನಾನು ಮಾಡುವ ಕೆಲಸವೊಂದಿದೆ. ಗ್ರಾಮ ಪಂಚಾಯಿತಿಗೆ ಗೆದ್ದುಬಂದ ನಮ್ಮ ಕಡೆಯ ಹೆಣ್ಣುಮಕ್ಕಳು ನಡಾವಳಿ ಪುಸ್ತಕ, ಖಾತೆ, ಕ್ರಿಯಾಯೋಜನೆ ಅರ್ಥವಾಗದೆ ಬಂದರೆ ಕೂರಿಸಿಕೊಂಡು ಹೇಳಿಕೊಡುತ್ತೇನೆ. ಅರ್ಧ ಜನ ಸದಸ್ಯರು ಹೆಂಗಸರೇ, ಸಹಿ ಹಾಕಿಸಿಕೊಳ್ಳಲು ಮನೆಗೆ ಬರುವವರು ಮಾತ್ರ ಗಂಡಸರು. ಶ್ರೀನಿವಾಸಪುರದ ಹತ್ತಿರದ ಒಬ್ಬಳಿಗೆ 'ಜ್ಞಾಪಕ ಚಿತ್ರಶಾಲೆ'ಯ ಸಾರ್ವಜನಿಕರ ಸಂಪುಟ ಕೊಟ್ಟಿದ್ದೆ. ಮಾವಿನ ಸುಗ್ಗಿ, ಮಂಡಿಯ ಓಡಾಟ ಮುಗಿಸಿ ಓದಿ ಬಂದಳು.

"ಮೇಡಂ, ಇವರಷ್ಟು ಜನರ ಹೆಂಡತಿಯರು ಏನ್ ಮಾಡ್ತಿದ್ರು?" ಎಂದು ಕೇಳಿದಳು.

"ಅದನ್ನೇ ನಾನೂ ಹುಡುಕ್ತಿದೀನಿ ಕಣಮ್ಮ" ಎಂದೆ.

ಪುಸ್ತಕ ವಾಪಸು ಕೊಡಲಿಲ್ಲ. ಇನ್ನೊಂದು ಸಂಪುಟ ಇದ್ದರೆ ಕೊಡಿ ಎಂದು ಅದನ್ನೂ ತೆಗೆದುಕೊಂಡು ಹೋದಳು.