ಗಂಜೀಫದ ಎಲೆಗಳು

ಅಚ್ಚಿನ ಇಸ್ಪೀಟು ಎಲೆಗಳು ಮನೆಮನೆಗೂ ಬರುವ ಮೊದಲು ನಮ್ಮ ದೇಶದಲ್ಲಿ ಗಂಜೀಫವಿತ್ತು. ಎಲೆಗಳು ಹೆಚ್ಚಾಗಿ ದುಂಡಗಿನವು, ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು. ಬಾಬರನು 1527ರಲ್ಲಿ ಸಿಂಧ್ ಪ್ರಾಂತಕ್ಕೆ ಇಂಥ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಕಥೆಯಲ್ಲಿದೆ. ಸಿರಿವಂತರಿಗೆ ದಂತದ ಎಲೆಗಳು. ಉಳಿದವರಿಗೆ ಬಟ್ಟೆ, ಕಾಗದಗಳನ್ನು ಅಂಟಿಸಿ ಅರಗು ಬಳಿದವು.

ಮೊಗಲರ ಎಲೆಗಳಲ್ಲಿ ಕತ್ತಿ, ಕಿರೀಟ, ನಾಣ್ಯಗಳಿದ್ದ ಸ್ಥಳಕ್ಕೆ ನಮ್ಮವರು ದೇವರನ್ನು ತಂದರು. ದಶಾವತಾರ ಗಂಜೀಫದಲ್ಲಿ ಹತ್ತು ಪಂಗಡ, ಪಂಗಡಕ್ಕೆ ಹನ್ನೆರಡು ಎಲೆ, ಒಟ್ಟು 120. ರಾಜನ ಎಲೆಯಲ್ಲಿ ಅವತಾರಮೂರ್ತಿಯೇ ಕುಳಿತಿರುತ್ತದೆ; ಅದರ ಕೆಳಗೆ ಮಂತ್ರಿ; ಮಿಕ್ಕ ಹತ್ತು ಎಲೆಗಳಲ್ಲಿ ಬರಿಯ ಲಾಂಛನ. ಮತ್ಸ್ಯಕ್ಕೆ ಮೀನು, ವಾಮನನಿಗೆ ಕಮಂಡಲು, ಪರಶುರಾಮನಿಗೆ ಕೊಡಲಿ. ಒಂದು ಮೀನಾದರೆ ಚಿತ್ರಕಾರನಿಗೆ ಸಲೀಸು. ಹತ್ತು ಮೀನುಗಳನ್ನು ಆ ಪುಟ್ಟ ವೃತ್ತದಲ್ಲಿ, ಆಟಗಾರನ ಕಣ್ಣು ತಟ್ಟನೆ ಎಣಿಸುವಂತೆ ಜೋಡಿಸುವುದು ಬೇರೆಯೇ ವಿದ್ಯೆ. ಅವನ ಕಸುಬನ್ನು ಅಳೆಯಬೇಕಾದದ್ದು ಇಂಥ ಎಲೆಗಳಲ್ಲಿ ಎಂದು ನನ್ನ ಭಾವನೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಷ್ಟಕ್ಕೆ ತೃಪ್ತರಾಗಲಿಲ್ಲ. ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಹದಿಮೂರು ಬಗೆಯ ಆಟಗಳಿವೆ. 36 ಎಲೆಗಳ ಆಟದಿಂದ 360 ಎಲೆಗಳ ಆಟದವರೆಗೆ. ಚಾಮುಂಡೇಶ್ವರಿ, ನವಗ್ರಹಗಳು, ಪಂಚಪಾಂಡವರು ಎಲ್ಲರೂ ಎಲೆಗಳ ಮೇಲೆ ಬಂದರು. 1831ರಲ್ಲಿ ಆಡಳಿತವನ್ನು ಇಂಗ್ಲಿಷರು ಕಸಿದುಕೊಂಡಿದ್ದರು. 1868ರಲ್ಲಿ ಅವರು ತೀರಿಕೊಳ್ಳುವವರೆಗೂ ಅದು ಮರಳಲಿಲ್ಲ. ರಾಜ್ಯಭಾರವಿಲ್ಲದ ದೊರೆ ರಾಜ, ಮಂತ್ರಿ, ಪರಿವಾರಗಳನ್ನು ಎಲೆಗಳಲ್ಲಿ ಹೀಗೆ ಪೇರಿಸಿದ್ದನ್ನು ಬರಿಯ ವಿನೋದವೆನ್ನಲು ಮನಸ್ಸೊಪ್ಪುವುದಿಲ್ಲ.

ಅಮೆರಿಕದಲ್ಲಿ 1880ರ ದಶಕದಿಂದ ಸಿಗರೇಟು ಪೊಟ್ಟಣಗಳಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರದೆಲೆಗಳು ಬರತೊಡಗಿದವು. ಅವು ಕೂಡಿಡುವುದಕ್ಕೆಂದೇ ಬಂದ ಚಿತ್ರಗಳು. ಗೂಡಿನಲ್ಲಿಟ್ಟರೂ ಅವುಗಳ ಅರ್ಥ ಕೆಡುವುದಿಲ್ಲ. ಗಂಜೀಫದ ಅರ್ಥದಲ್ಲಿ ಅರ್ಧಪಾಲು ಆಟದ ನಿಯಮಗಳಲ್ಲಿದೆ. ಐದು ಅವತಾರಗಳಲ್ಲಿ ಹತ್ತರ ಎಲೆ ದೊಡ್ಡದು. ಇನ್ನೈದರಲ್ಲಿ ಒಂದರ ಎಲೆಯೇ ಹತ್ತನ್ನು ಗೆಲ್ಲುತ್ತದೆ. ಹಗಲಿನ ಆಟವನ್ನು ರಾಮನ ಎಲೆಯುಳ್ಳವನು ಆರಂಭಿಸಬೇಕು, ಇರುಳಿನ ಆಟವನ್ನು ಕೃಷ್ಣನ ಎಲೆಯುಳ್ಳವನು. ಸೂರ್ಯವಂಶದವನಿಗೆ ಹಗಲು, ನಡುರಾತ್ರಿಯಲ್ಲಿ ಹುಟ್ಟಿದವನಿಗೆ ಇರುಳು! ಇದನ್ನು ಯಾವ ಚಿತ್ರ ತಾನೇ ಹೇಳೀತು?

ಅಗ್ಗದ ಅಚ್ಚಿನ ಎಲೆಗಳ ಮುಂದೆ ಈ ಆಟ ಸೋತಿತು. ಗಂಜೀಫ ರಘುಪತಿ ಭಟ್ಟರಂಥ ಕಲಾವಿದರು ಮೈಸೂರಿನ ಶೈಲಿಗೆ ಮತ್ತೆ ಜೀವ ತಂದರು. ಮೈಸೂರು ಗಂಜೀಫಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಆದರೆ ಗೋಡೆಯ ಚೌಕಟ್ಟಿಗೆ ಒಂದೆರಡು ಎಲೆ ಸಾಕು. ಆಡಲು ನೂರಿಪ್ಪತ್ತೂ ಬೇಕು, ಜೊತೆಗೆ ನಿಯಮ ಬಲ್ಲ ಮೂವರಾದರೂ ಬೇಕು.